ಬಾಳೆಮರ ಕಟ್ಟಿಸಿದ ಭೋಜರಾಜ

ನಲವತ್ತು ಸೆಂಟು ಜಾಗದಲ್ಲಿ ಒಂಬತ್ತು ಜಾತಿಯ ಬಾಳೆ ಬೆಳೆದೇ ತೀರುತ್ತೇನೆಂದು ನಾನು ಭೀಷ್ಮಪ್ರತಿಜ್ಞೆ ಮಾಡಿದ್ದು ನಿವೃತ್ತಿಯಾದ ಮಾರನೆಯ ಬೆಳಗ್ಗೆ, ಮದ್ರಾಸಿನ ಕೀಲ್ಪಾಕಿನ ನಮ್ಮ ಮನೆಯಲ್ಲಿ, ಇಡ್ಲಿ ತಟ್ಟೆಯ ಮುಂದೆ ಎದ್ದು ನಿಂತು. ಹೆಸರಿಗೆ ತಕ್ಕ ಕೆಲಸ ಒಂದನ್ನಾದರೂ ಮಾಡಬೇಡವೆ? ನನ್ನ ಹೆಸರು ಭೋಜರಾಜ! ಮೂವತ್ತನಾಲ್ಕು ವರ್ಷ ವಿಮಾ ಕಚೇರಿಯಲ್ಲಿ ಕೂತು ಊರವರ ಬಾಳಿಗೆಲ್ಲ ವಿಮೆ ಮಾಡಿಸಿದವನು. ಇನ್ನು ಮೇಲೆ ನನ್ನ ಬಾಳು ಬಾಳೆಗೇ ಮುಡಿಪು ಎಂದು ಕೈ ಎತ್ತಿ ಸಾರಿದೆ.

"ಕೂತ್ಕೊಂಡು ತಿನ್ನಿ, ಚಟ್ನಿ ಚೆಲ್ತಿದೆ" ಎಂದಳು ಹೆಂಡತಿ ಸೀತಾ.

ಈ ಪ್ರತಿಜ್ಞೆಗೆ ಕಾರಣ ನಮ್ಮ ಅತ್ತೆ ಪ್ರೇಮಮ್ಮನವರು. ಹನ್ನೊಂದು ವರ್ಷದ ಹಿಂದೆ ನಂಜನಗೂಡಿನಿಂದ ನಮ್ಮ ಜೊತೆ ಇರಲು ಬಂದ ದಿನ, ಪ್ರೀತಿಯಿಂದ ಅಂಗಡಿಯ ಬಾಳೆಹಣ್ಣು ತಂದು ಕೊಟ್ಟೆ. ಅವರು ಒಂದನ್ನು ಸುಲಿದು, ಮೂಸಿ, ಮತ್ತೆ ಸಿಪ್ಪೆ ಮುಚ್ಚಿ ತಟ್ಟೆಗೆ ಇಟ್ಟರು. "ಇದು ಬಾಳೆಹಣ್ಣಾ ಅಳಿಯಂದ್ರೆ?" ಎಂದು ಕೇಳಿದರು, ಅಷ್ಟೆ. ಅಂದಿನಿಂದ ಮದ್ರಾಸಿನ ಬಾಳೆಹಣ್ಣು ಅವರ ಬಾಯಿಗೆ ಹೋಗಿಲ್ಲ. ಪ್ರಸಾದ ಕೊಟ್ಟರೂ ಕಣ್ಣಿಗೊತ್ತಿಕೊಂಡು ಮೊಮ್ಮಗಳು ಕೃತಿಗೆ ದಾಟಿಸಿಬಿಡುತ್ತಾರೆ.

ಅತ್ತೆ ಕೆಟ್ಟವರಲ್ಲ. ಆದರೆ ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ನಾನು ಮಾಡಿದ ಯಾವ ಕೆಲಸಕ್ಕೂ ಅವರು 'ಚೆನ್ನಾಗದೆ' ಎಂದಿಲ್ಲ. ಮನೆ ಕೊಂಡಾಗ "ಗಾಳಿ ಕಮ್ಮಿ" ಎಂದರು. ಕಾರು ಕೊಂಡಾಗ "ಮಂಡಿ ಗದ್ದಕ್ಕೆ ತಾಗ್ತದೆ" ಎಂದರು. ಬೇರೆ ಗಂಡಸರು ಪದ್ಮಶ್ರೀಗೆ ಆಸೆಪಡುತ್ತಾರೆ. ನನಗೆ ಅತ್ತೆಯ ಬಾಯಿಂದ ಆ ಒಂದೇ ಮಾತು ಬೇಕಿತ್ತು. ಅಸಲಿ ನಂಜನಗೂಡು ರಸಬಾಳೆಯನ್ನು ಮದ್ರಾಸಿನ ಮಣ್ಣಿನಲ್ಲೇ ಬೆಳೆದು, ಸುಲಿದು, ಅವರ ಕೈಗಿತ್ತು, ಆ ಮಾತು ಹೊರಡಿಸುವುದೇ ನನ್ನ ಜೀವಿತದ ಗುರಿ. ಉಳಿದ ಎಂಟು ಜಾತಿಗಳು ಬರೀ ದಿಬ್ಬಣದವು.

ನನ್ನ ಯೋಜನೆ ಕೇಳಿ ಅತ್ತೆ, ನಂಜನಗೂಡಿನ ಮಣ್ಣಿಲ್ಲದೆ ರಸಬಾಳೆ ಬರೋದಿಲ್ಲ ಎಂದುಬಿಟ್ಟರು. ಮಣ್ಣು ತಾನೆ? ಅದನ್ನೂ ತಂದರಾಯಿತು! ನಾಲ್ಕು ರಸಬಾಳೆ ಕಂದು ಮತ್ತು ಎರಡು ಚೀಲ ಮಣ್ಣಿನೊಂದಿಗೆ ಮೈಸೂರಿನಲ್ಲಿ ರೈಲು ಹತ್ತಿದೆ. ಎದುರು ಸೀಟಿನ ಅಜ್ಜಿ ನನ್ನ ಚೀಲಗಳನ್ನು ನೋಡಿ, ಊರು ಬಿಟ್ಟು ಹೋಗುತ್ತಿದ್ದೀಯೇನಪ್ಪ ಎಂದು ಕಣ್ಣೊರೆಸಿಕೊಂಡರು. ಸೆಂಟ್ರಲ್ ನಿಲ್ದಾಣದಲ್ಲಿ ಪೊಲೀಸಪ್ಪ ಚೀಲಕ್ಕೆ ಕೋಲು ಚುಚ್ಚಿ, ಮೂಸಿ, ಬರೀ ಮಣ್ಣೇ ಎಂದು ಖಾತ್ರಿಯಾದ ಮೇಲೆ ನನ್ನ ಮುಖವನ್ನು ಅನುಕಂಪದಿಂದ ನೋಡಿ ಬಿಟ್ಟುಕೊಟ್ಟ.

ನಮ್ಮ ತೋಟ ಇರುವುದು ಮದ್ರಾಸಿನ ಹೊರಗೆ, ತಿರುಪ್ಪೋರೂರಿನ ಆಚೆ. ನೋಡಿಕೊಳ್ಳುವವರು ಪಕ್ಕದ ಹೊಲದ ಏಳುಮಲೈ. ಐವತ್ತೈದರ ಗಂಭೀರ ಮನುಷ್ಯ, ಹೇಳಿದ್ದನ್ನು ಅಕ್ಷರಶಃ ಮಾಡುವವರು. ಪೂವನ್, ಮೊಂದನ್, ನೇಂದ್ರ, ಏಲಕ್ಕಿ, ಪಚ್ಚಬಾಳೆ, ಚಂದ್ರಬಾಳೆ, ಕರ್ಪೂರವಳ್ಳಿ, ಪೇಯನ್, ಜೊತೆಗೆ ನಮ್ಮ ರಸಬಾಳೆ, ಜಾತಿಗೆ ನಾಲ್ಕರಂತೆ ಎಲ್ಲವನ್ನೂ ನೆಟ್ಟೆವು. ಮೊಂದನ್ ಎಂದರೆ ಪಲ್ಯ, ಬಜ್ಜಿಗೆ ಆಗುವ ದಪ್ಪ ಕಾಯಿ. ಹೆಸರು ಕೇಳಿ ಸೀತಾ, "ಮನೇಲಿ ಒಂದು ಮೊಂಡ ಇರೋದು ಸಾಲ್ದೆ?" ಎಂದಳು. ಪೇಯನ್ ಎಂಬ ಹೆಸರನ್ನಂತೂ ಸಂಜೆಯ ಮೇಲೆ ಹೇಳಬೇಡಿ, ತಮಿಳಿನ ಪೇಯ್ ಎಂದರೆ ದೆವ್ವ ಎಂದು ತಾಕೀತು ಮಾಡಿದಳು.

ನಾನು ಪೇಂಟ್ ಡಬ್ಬಿಯ ಮುಚ್ಚಳಗಳ ಮೇಲೆ ಒಂದೊಂದರ ಹೆಸರನ್ನೂ ಕನ್ನಡದಲ್ಲಿ ಬರೆದು ಮರಗಳಿಗೆ ತೂಗುಹಾಕಿದೆ. ಏಳುಮಲೈಗೆ ಕನ್ನಡ ಓದಲು ಬಾರದು. ಅವರು ಅದನ್ನು ದೃಷ್ಟಿಗೆ ಕಟ್ಟಿದ ಮಂತ್ರವೆಂದು ತಿಳಿದು ದಿನಾ ಕೈಮುಗಿಯುತ್ತಿದ್ದರೆಂಬುದು ನನಗೆ ಆಮೇಲೆ ಗೊತ್ತಾಯಿತು.

ವರ್ಷ ಕಳೆಯಿತು. ರಸಬಾಳೆಯಲ್ಲಿ ಮೂರು ಸೊರಗುರೋಗಕ್ಕೆ ಹೋದವು. ಉಳಿದ ಒಂದೇ ಒಂದು ಮರ, ನನ್ನ ಪುಣ್ಯಕ್ಕೆ, ಗೊನೆ ಬಿಟ್ಟಿತು! ನಾನು ವಾರಕ್ಕೆರಡು ಸಲ ಹೋಗಿ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಮನೆಗೆ ಬಂದು ಅದರ ಫೋಟೋಗಳನ್ನು ಅತ್ತೆಗೆ ತೋರಿಸುತ್ತಿದ್ದೆ. ಅವರು ಕನ್ನಡಕ ಏರಿಸಿ ನೋಡಿ, "ಇರ್ಲಿ, ಹಣ್ಣಾಗ್ಲಿ" ಎನ್ನುತ್ತಿದ್ದರು.

ಇನ್ನು ಮೂರೇ ವಾರ ಎನ್ನುವಾಗ ನವೆಂಬರಿನ ಬಿರುಗಾಳಿ ಬಂತು. ಅಂದರೆ ಟಿವಿಯಲ್ಲಿ ಬಂತು. ಬಂಗಾಳ ಕೊಲ್ಲಿಯಲ್ಲಿ ಸುಳಿ ತಿರುಗುತ್ತಿರುವುದನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ. ಗೊನೆ ಹೊತ್ತ ಬಾಳೆ ಗಾಳಿಗೆ ನಿಲ್ಲುವುದಿಲ್ಲ. ಗೂಟ ಕೊಟ್ಟು ಹಗ್ಗದಲ್ಲಿ ಬಿಗಿಯಬೇಕು. ತಕ್ಷಣ ಏಳುಮಲೈಗೆ ಫೋನ್ ಮಾಡಿದೆ. ಬಿರುಗಾಳಿಯ ಸುದ್ದಿ ಲೋಕಕ್ಕೇ ಗೊತ್ತಿರುವಾಗ ಅದನ್ನು ಬೇರೆ ಹೇಳಬೇಕೆ? ನೇರ ವಿಷಯಕ್ಕೆ ಬಂದು, ನನ್ನ ಶುದ್ಧ ತಮಿಳಿನಲ್ಲಿ, ನಾಳೆಯೊಳಗೆ ಬಾಳೆಮರ ಕಟ್ಟಿಬಿಡಿ ಎಂದೆ. "ವಾಳೆಮರಂ ಕಟ್ಟಿಡುಂಗೊ!"

"ವೀಟ್ಲ ಎನ್ನ ಸಾರ್ ವಿಶೇಷಂ?" ಎಂದರು ಏಳುಮಲೈ.

ಇಂಥ ಆತಂಕದಲ್ಲೂ ಮನೆಯ ಕಡೆ ಏನು ವಿಶೇಷ, ಎಲ್ಲ ಸೌಖ್ಯವೇ ಎಂದು ವಿಚಾರಿಸುತ್ತಾರಲ್ಲ, ಎಂಥ ಸಂಸ್ಕಾರ! ಮನಸ್ಸು ತುಂಬಿ ಬಂತು. ವಿಶೇಷವೆಲ್ಲ ಬಹಳ ಚೆನ್ನಾಗಿದೆ, ನಾಳಿದ್ದು ಬೆಳಗ್ಗೆ ಅತ್ತೆ, ಹೆಂಡತಿ, ಮಗಳು ಎಲ್ಲ ಅಲ್ಲಿಗೇ ಬರುತ್ತೇವೆ ಎಂದೆ. ಅವರು ಬಹಳ ಸಂತೋಷಪಟ್ಟರು. ಎರಡು ಮರ ಕಟ್ಟಿದರೆ ಸಾಕೇ ಎಂದು ಕೇಳಿದರು. ಎರಡೇಕೆ, ಗೊನೆ ಬಿಟ್ಟಿರುವುದನ್ನೆಲ್ಲ ಕಟ್ಟಿ ಎಂದೆ. ಅವರು ಮತ್ತೆ ಕೇಳಿದರು. "ಎಲ್ಲಾಮಾ ಸಾರ್?" ಎಲ್ಲವನ್ನೂ ಎಂದು ಗದರಿದೆ. ಗೇಟಿನಿಂದಲೇ ಶುರುಮಾಡಲೇ ಎಂದರು. ಹೌದು, ಗೇಟಿನಿಂದ ಸಾಲಾಗಿ ಎಂದು ಹೇಳಿ ಫೋನಿಟ್ಟೆ.

"ನೋಡಿದೆಯಾ?" ಎಂದೆ ಸೀತಾಗೆ. "ಭಾಷೆ ಗೊತ್ತಿದ್ದರೆ ಎರಡು ನಿಮಿಷದ ಕೆಲಸ."

ಬಿರುಗಾಳಿ ಕೊನೆಗೆ ಆಂಧ್ರದ ಕಡೆ ತಿರುಗಿಕೊಂಡಿತು. ನಮಗೆ ಸಿಕ್ಕಿದ್ದು ನಾಲ್ಕು ಹನಿ ತುಂತುರು ಮತ್ತು ಕೃತಿಯ ಆಫೀಸಿಗೆ ಒಂದು ರಜೆ. ಎಲ್ಲರೂ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ಮುನ್ನೆಚ್ಚರಿಕೆಯ ಮಹತ್ವದ ಬಗ್ಗೆ ಮಾತಾಡಿದೆ. ಅತ್ತೆ ನಿದ್ದೆ ಮಾಡಿದರು.

ತೋಟದ ಗೇಟು ಕಂಡಾಗ ದಾರಿ ತಪ್ಪಿ ಯಾರದೋ ಕಲ್ಯಾಣ ಮಂಟಪಕ್ಕೆ ಬಂದೆನೆಂದುಕೊಂಡು ಕಾರು ಹಿಂದಕ್ಕೆ ತೆಗೆಯಲು ಹೋದೆ. ಗೇಟಿನ ಎಡಕ್ಕೆ ಏಳು, ಬಲಕ್ಕೆ ಏಳು, ಗೊನೆ ಸಮೇತ ಬುಡದಿಂದ ಕಡಿದ ಹದಿನಾಲ್ಕು ಬಾಳೆಮರ ಸಾಲಾಗಿ ಕಟ್ಟಿಸಿಕೊಂಡು ನಿಂತಿದ್ದವು! ಗೊನೆಗಳ ಮೇಲೆ ಅರಿಶಿನ ಕುಂಕುಮ. ಮೇಲೆ ಮಾವಿನ ತೋರಣ. ತೋರಣದ ನಡುನಡುವೆ ನಾನು ಬರೆದ ಮುಚ್ಚಳಗಳು, ಶುಭ ಮಂತ್ರಗಳೆಂಬ ಗೌರವದಲ್ಲಿ ತೂಗಾಡುತ್ತಿದ್ದವು. ಮುಂದೆ ಹೊಸ ಪಂಚೆಯುಟ್ಟ ಏಳುಮಲೈ, ರೇಷ್ಮೆಸೀರೆಯ ಅವರ ಹೆಂಡತಿ ದೈವಾನೆ, ಹಿಂದೆ ಹೂವು ವೀಳ್ಯದ ತಟ್ಟೆ ಹಿಡಿದ ನಲವತ್ತು ಜನ.

ಒಬ್ಬಾಕೆ ಬಂದು ಕೃತಿಯ ಕೆನ್ನೆ ನೇವರಿಸಿ, ಮದುಮಗ ಎಲ್ಲಿ ಎಂದು ಕೇಳಿದರು.

ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಅಪ್ಪಾ, ವಾಳೆಮರಂ ಕಟ್ಟುನ್ನು ಸೊನ್ನಿಯಾ?" ಹಾಗೇ ಹೇಳಿದೆಯಾ ಎಂದವಳೇ ಕಾರಿಗೆ ಒರಗಿ ನಗತೊಡಗಿದಳು. ನಗುವಿನ ಸಂದಿಯಲ್ಲಿ ವಿಷಯ ಬಿಡಿಸಿ ಹೇಳಿದಳು. ನಮ್ಮ ಕಡೆ ಶುಭಕಾರ್ಯಕ್ಕೆ ಕಟ್ಟುವುದು ಬಾಳೆಕಂಬ. ಇಲ್ಲಿಯವರು ಕಟ್ಟುವುದು ಬಾಳೆಮರ, ಗೊನೆ ಸಮೇತ. ಗಾಳಿಗೆ ಆಸರೆ ಕೊಡಿ ಎನ್ನಬೇಕಾದರೆ 'ಮುಟ್ಟು ಕುಡುಂಗೊ' ಎನ್ನಬೇಕಂತೆ. ಇನ್ನು ವಿಶೇಷಂ ಎಂದರೆ ಸಮಾಚಾರವಲ್ಲ, ಸಮಾರಂಭ! ಸಮಾರಂಭ ಬಹಳ ಚೆನ್ನಾಗಿದೆ ಎಂದು ನಾನೇ ಬಾಯಾರೆ ಹೇಳಿದ್ದೆ.

ನಾನು ಊರವರ ಬಾಳಿಗೆಲ್ಲ ವಿಮೆ ಮಾಡಿಸಿದೆ, ಬಾಳೆಗೆ ಮಾಡಿಸಲಿಲ್ಲ. ನಿಜ ಹೇಳುತ್ತೇನೆ, ಅಲ್ಲೇ ಕೂತು ಅಳಬೇಕೆನಿಸಿತು. ಆದರೆ ಏಳುಮಲೈ ಬೆಳಗಿನ ಜಾವದಿಂದ ದುಡಿದ ಬೆವರಿನಲ್ಲಿ ನಗುತ್ತಾ ನಿಂತಿದ್ದರು. ಆ ಮುಖಕ್ಕೆ ಹೇಗೆ ಬೈಯುವುದು? ಅಷ್ಟರಲ್ಲಿ ಅತ್ತೆ ಕಾರಿನಿಂದ ಇಳಿದು, ಎರಡೂ ಸಾಲುಗಳನ್ನು ನಿಧಾನವಾಗಿ ನೋಡಿ, ಏಳುಮಲೈ ಹತ್ತಿರ ಹೋಗಿ ಕನ್ನಡದಲ್ಲೇ, "ಭಾಳ ಚೆನ್ನಾಗದೆ ಕಣಪ್ಪ" ಎಂದರು.

ಇಪ್ಪತ್ತೊಂಬತ್ತು ವರ್ಷ ನಾನು ಕಾದ ಮಾತು, ನನ್ನ ಮರ ಕಡಿದವನಿಗೆ!

"ಬಂದೋರನ್ನ ಬರಿಗೈಲಿ ಕಳಿಸೋಕಾಗಲ್ಲ" ಎಂದು ಸೀತಾ ಕಿವಿಯಲ್ಲಿ ಪಿಸುಗುಟ್ಟಿದಳು. "ಅಡುಗೆ ನಾನು ನೋಡ್ಕೋತೀನಿ. ಏನು ಸಮಾರಂಭ ಅಂತ ನೀವು ಹುಡುಕಿ."

ನಲವತ್ತು ಜೊತೆ ಕಣ್ಣು ನನ್ನ ಮೇಲಿದ್ದವು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ಇವತ್ತು ನಮ್ಮ ಅತ್ತೆಯ ಎಂಬತ್ತನೆಯ ಹುಟ್ಟುಹಬ್ಬ ಎಂದು. ತಮಿಳಿನಲ್ಲಿ ಹೇಳಿದ್ದು ಅತ್ತೆಗೆ ತಿಳಿಯಲಿಲ್ಲ, ಪುಣ್ಯ. ಅವರಿಗೆ ಎಪ್ಪತ್ತಾರು. ಜನ ಹೋ ಎಂದು ಬಂದು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಸಾಲಾಗಿ ಕಾಲಿಗೆ ಬಿದ್ದರು. ಅತ್ತೆ ಯಾಕೆ ಎಂದು ಕೇಳಲಿಲ್ಲ. ಬಹಳ ಮೊದಲೇ ಆಗಬೇಕಿದ್ದ ಕೆಲಸ ಎಂಬಂತೆ ಆಶೀರ್ವಾದ ಮಾಡುತ್ತಾ ಹೋದರು.

ಬಜ್ಜಿ ಮಾಡುವುದೆಂದು ತೀರ್ಮಾನವಾಯಿತು. ಏಳುಮಲೈ ಕಡಲೆಹಿಟ್ಟು, ಎಣ್ಣೆ ತರಲು ಓಡಿದರು. ಯಾವ ಗೊನೆ ಕಡಿಯುವುದು? ಮೊಂದನ್ ಗೊನೆಯನ್ನು ಬಜ್ಜಿಗೆ ಕೊಟ್ಟು, ರಸಬಾಳೆಯನ್ನು ಹೇಗಾದರೂ ಮನೆಗೆ ಒಯ್ದು ಹಣ್ಣು ಮಾಡುವ ಆಸೆ ನನಗಿನ್ನೂ ಇತ್ತು. ಹೆಸರಿನ ಮುಚ್ಚಳಗಳು ತೋರಣಕ್ಕೆ ಏರಿದ್ದರೇನಂತೆ, ಒಂಬತ್ತು ಜಾತಿ ಬೆಳೆದವನಿಗೆ ಗೊನೆಯ ಗುರುತು ಸಿಗದೆ? ಅರಿಶಿನ ಕುಂಕುಮ ಮೆತ್ತಿದ ಸಾಲಿನ ಮುಂದೆ ಸೇನಾಧಿಪತಿಯ ಹಾಗೆ ನಡೆದೆ. ದೈವಾನೆ ಕತ್ತಿ ಹಿಡಿದು ಒಂದು ದಪ್ಪ ಗೊನೆ ತೋರಿಸಿದರು. ಅದಲ್ಲ, ಈ ಕಡೆಯದು ಎಂದೆ. ಅವರು ಏನೋ ಹೇಳಲು ಹೋದರು. ನನಗೆ ಹೇಳಿಕೊಡಬೇಡಿ ಎಂದೆ. "ಸರಿ ಸಾರ್" ಎಂದು ನಾನು ತೋರಿಸಿದ್ದನ್ನೇ ಕಡಿದರು. ಆ ದಪ್ಪ ಗೊನೆಯನ್ನು ನಾನು ನನ್ನ ಟವೆಲಿನಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಬೆಲ್ಟು ಹಾಕಿದೆ.

ಬಜ್ಜಿ ಬಂತು. ಮೊದಲ ತಟ್ಟೆ ಹುಟ್ಟುಹಬ್ಬದವರಿಗೆ. ಅತ್ತೆ ಬೇಡವೆಂದು ತಲೆಯಾಡಿಸುವಷ್ಟರಲ್ಲಿ ದೈವಾನೆ ಒಂದನ್ನು ಆರಿಸಿ, ಊದಿ, ನೇರ ಅವರ ಬಾಯಿಗೇ ಇಟ್ಟರು. ಅಷ್ಟು ಜನರ ಮುಂದೆ ಉಗುಳುವುದುಂಟೆ? ಅತ್ತೆ ಅಗಿದರು. ನಿಲ್ಲಿಸಿದರು. ಕಣ್ಣು ಮುಚ್ಚಿದರು.

"ಅಳಿಯಂದ್ರೆ, ಇದು ರಸಬಾಳೆ" ಎಂದರು.

ಇದು ಮೊಂದನ್, ರಸಬಾಳೆ ಕಾರಿನಲ್ಲಿದೆ ಎಂದೆ. "ನಾನು ಹುಟ್ಟಿದ್ದೇ ರಸಬಾಳೆ ತೋಟದಲ್ಲಿ. ಕಾಯಲ್ಲೂ ಗೊತ್ತಾಯ್ತದೆ ನಂಗೆ" ಎಂದು ಇನ್ನೊಂದು ಬಜ್ಜಿ ಎತ್ತಿಕೊಂಡರು. ದೈವಾನೆ ನೆಲ ನೋಡುತ್ತಾ, ಅದನ್ನೇ ಆಗ ಹೇಳಲು ಬಂದೆ ಸಾರ್ ಎಂದರು.

ಕಾರಿಗೆ ಓಡಿದೆ. ಟವೆಲು ಬಿಚ್ಚಿ ಅರಿಶಿನ ಒರೆಸಿದೆ. ದಪ್ಪ ದಪ್ಪ ಏಣು, ಮೊಂಡು ಮೂತಿ. ಬೆಲ್ಟು ಹಾಕಿಸಿಕೊಂಡು ಆರಾಮವಾಗಿ ಮಲಗಿದ್ದದ್ದು ಮೊಂದನ್! ನಾನು ರೈಲಿನಲ್ಲಿ ಮಣ್ಣು ಸಮೇತ ಹೊತ್ತು ತಂದ ರಸಬಾಳೆ ನಲವತ್ತು ಜನರ ಬಾಯಲ್ಲಿ ಕರುಂಕುರುಂ ಎನ್ನುತ್ತಿತ್ತು.

ಕಾಲೆಳೆದುಕೊಂಡು ವಾಪಸ್ಸು ಬಂದೆ. ಅತ್ತೆ ನಾಲ್ಕನೆಯ ಬಜ್ಜಿಯಲ್ಲಿದ್ದರು. ಹೇಗಿದೆ ಅತ್ತೆ ಎಂದು ಸಣ್ಣ ದನಿಯಲ್ಲಿ ಕೇಳಿದೆ.

"ಚೆನ್ನಾಗದೆ" ಎಂದರು, ನನ್ನ ಮುಖ ನೋಡಿ.

ಬಜ್ಜಿಗಾದರೂ ಸರಿ, ಆ ಮಾತು ಬಂತಲ್ಲ! ಬುದ್ಧಿವಂತನಾಗಿದ್ದರೆ ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ಆದರೆ ಸಂಕಟ ತಡೆಯಲಾರದೆ ಅವರ ಕುರ್ಚಿಯ ಪಕ್ಕ ಕುಕ್ಕರಿಸಿ, "ಇನ್ನು ಮೂರೇ ವಾರ ಬಿಟ್ಟಿದ್ರೆ ಹಣ್ಣಾಗ್ತಿತ್ತು ಅತ್ತೆ" ಎಂದೆ.

ಅತ್ತೆ ಎಣ್ಣೆಗೈಯನ್ನು ಬಾಳೆಲೆಗೆ ಒರೆಸಿ, ನನ್ನ ಭುಜ ತಟ್ಟಿದರು.

"ಬುಡಿ, ಅದಕ್ಯಾಕೆ ಅಷ್ಟು ಬೇಜಾರು? ನೀವು ಹಣ್ಣಾಗ್ಲಿ ಅಂತ ನಾನು ಇಪ್ಪತ್ತೊಂಬತ್ತು ವರ್ಸದಿಂದ ಕಾಯ್ತಾ ಇವ್ನಿ. ನೀವಿನ್ನೂ ಕಾಯೇ!"