ಗಾಡಿ ಓಡಿಸುವಾಗ ಫೋನ್ ಎತ್ತಬೇಡಿ ಎಂದು ಫೋನ್ ಮಾಡುವವರಿಗೆ

ಮಾನ್ಯ ಸುರಕ್ಷತಾ ಧ್ವನಿಯವರ ಸನ್ನಿಧಿಗೆ,

ನಾಲ್ಕನೇ ನಂಬರ್ ವ್ಯಾನಿನ ಚಾಲಕನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ಎರಡೂ ಕೈ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಪತ್ರ ಬರೆಯುವ ಹೊತ್ತಿಗೆ ನನ್ನ ವ್ಯಾನು ಅಕ್ಕನ ಮನೆಯ ಗೇಟಿನ ಮುಂದೆ ನಿಂತಿದೆ, ಇಂಜಿನ್ ಆರಿದೆ, ಹ್ಯಾಂಡ್ ಬ್ರೇಕ್ ಎಳೆದಿದೆ, ಕೀಲಿ ನನ್ನ ಜೇಬಿನಲ್ಲಿದೆ. ತಾವು ಕ್ಷೇಮವೆಂದೇ ನಂಬಿದ್ದೇನೆ. ತಮಗೆ ನೆಗಡಿ ಹಿಡಿದದ್ದನ್ನಾಗಲಿ, ದನಿ ಕಟ್ಟಿದ್ದನ್ನಾಗಲಿ, ಬೆಳಗ್ಗೆ ಏಳರ ಉತ್ಸಾಹ ಸಂಜೆ ಐದಕ್ಕೆ ಕೊಂಚ ಇಳಿದದ್ದನ್ನಾಗಲಿ ನಾವು ಹನ್ನೊಂದು ಮಂದಿ ಚಾಲಕರಲ್ಲಿ ಯಾರೂ ಈವರೆಗೆ ಕೇಳಿದ್ದಿಲ್ಲ.

ತಮಗೆ ನಮ್ಮ ನಂಬರುಗಳ ಪರಿಚಯವಿದೆಯೇ ಹೊರತು ನಮ್ಮ ಪರಿಚಯವಿರಲಾರದು, ಆದ್ದರಿಂದ ಎರಡು ಮಾತು. ನಾವು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯವರು. ಹಾಸಿಗೆಯ ಮೇಲುಹಾಸು, ದಿಂಬಿನ ಕವರು, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಇವನ್ನೆಲ್ಲ ಕುದಿನೀರಿನಲ್ಲಿ ಒಗೆದು, ಉಗಿಯಲ್ಲಿ ಇಸ್ತ್ರಿ ಮಾಡಿ, ಮಡಿಸುವ ಹೆಂಗಸರು ಇಪ್ಪತ್ತರ ಕಟ್ಟು ಕಟ್ಟಿಕೊಟ್ಟ ಮೇಲೆ ನಾವು ಬೆಳಗಿನ ರೌಂಡ್ಸಿಗೆ ಡಾಕ್ಟರರು ಬರುವ ಮುಂಚೆ ವಾರ್ಡುಗಳಿಗೆ ಮುಟ್ಟಿಸುತ್ತೇವೆ. ಏಳನೇ ನಂಬರ್ ವ್ಯಾನನ್ನು ಓಡಿಸುತ್ತಿದ್ದವರು ನನ್ನ ಭಾವ, ಎಂದರೆ ನನ್ನ ಸ್ವಂತ ಅಕ್ಕನ ಗಂಡ. ಈ ಪತ್ರ ಅವರ ವಿಚಾರವಾಗಿ.

ಮೊದಲಿಗೆ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ವಾಹನ ಓಡಿಸುವಾಗ ಮೊಬೈಲ್ ಬಳಸಬಾರದೆಂಬ ಕಾನೂನಿನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅದು ಒಳ್ಳೆಯ ಕಾನೂನು, ಇನ್ನೂ ಹತ್ತು ವರ್ಷ ಮೊದಲೇ ಬರಬೇಕಿತ್ತು. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು, ಕತ್ತು ಸೊಟ್ಟ ಮಾಡಿಕೊಂಡು ಲಾರಿ ಓಡಿಸುವವರನ್ನು ನಾನು ದಿನಾ ನೋಡುತ್ತೇನೆ, ದಿನಾ ಬಯ್ಯುತ್ತೇನೆ. ನಮ್ಮ ಕಂಪನಿಯವರೂ ಈ ಕಾನೂನನ್ನು ಮನಸಾರೆ ಸ್ವಾಗತಿಸಿ, ಅದನ್ನು ದೊಡ್ಡಕ್ಷರದಲ್ಲಿ ಅಚ್ಚುಹಾಕಿಸಿ ಪ್ರತಿ ವ್ಯಾನಿನ ಮುಂಗಾಜಿಗೆ ಅಂಟಿಸಿದರು. ಆ ಕಾಗದ ಎಷ್ಟು ಅಗಲವಿದೆಯೆಂದರೆ ಎಡಗಡೆಯಿಂದ ಬರುವವರು ಅದನ್ನು ದಾಟಿದ ಮೇಲೆಯೇ ನಮ್ಮ ಕಣ್ಣಿಗೆ ಬೀಳುತ್ತಾರೆ.

ಅಂಟಿಸಿದರೆ ಸಾಲದು, ಚಾಲಕರು ಪಾಲಿಸುತ್ತಿದ್ದಾರೆಯೇ ಎಂದು ತಿಳಿಯಬೇಕಲ್ಲ. ಹಾಗೆ ತಿಳಿಯುವುದಕ್ಕಾಗಿ ತಮ್ಮನ್ನು ನೇಮಿಸಲಾಯಿತು. ವ್ಯಾನು ಗೇಟು ದಾಟಿದ ಮೇಲೆ ದಿನಕ್ಕೆ ಆರು ಸಲ ತಾವು ನಮಗೆ ಕರೆ ಮಾಡುತ್ತೀರಿ. ನಮಸ್ಕಾರ ಹೇಳುತ್ತೀರಿ. ವಾಹನ ಚಲಾಯಿಸುವಾಗ ಮೊಬೈಲ್ ಬಳಸುವುದು ಅಪಾಯಕಾರಿಯೆಂದು ತಿಳಿಸಿ, ‘ಈಗ ತಾವು ಮೊಬೈಲ್ ಬಳಸುತ್ತಿಲ್ಲವೆಂದು ಖಚಿತಪಡಿಸಲು ಮೊಬೈಲಿನಲ್ಲಿ ಎರಡನ್ನು ಒತ್ತಿ’ ಎಂದು ಕೋರುತ್ತೀರಿ. ಇದನ್ನು ಮೊದಲ ಸಲ ಕೇಳಿದ ದಿನ ನಾನು ಕುಳಿತಲ್ಲೇ ತಲೆಬಾಗಿದೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರನ್ನು ಕಂಡಿದ್ದೆ. ಚಿವುಟಿದ ಮೇಲೆ ಅಳಲಿಲ್ಲವೆಂದು ಮಗುವಿನ ಕೈಯಲ್ಲೇ ಬರೆಸಿಕೊಳ್ಳುವವರನ್ನು ಕಂಡಿರಲಿಲ್ಲ.

ಐದು ರಿಂಗಿನೊಳಗೆ ಎತ್ತದಿದ್ದರೆ ತಾವು ‘ಅಸಹಕಾರ’ ಎಂದು ದಾಖಲಿಸುತ್ತೀರಿ, ವಾರಕ್ಕೆ ಅಂಥ ಮೂರು ಬಿದ್ದರೆ ಮೇಲ್ವಿಚಾರಕರು ಕರೆದು ಕೂರಿಸುತ್ತಾರೆ. ಸರಿ, ರಸ್ತೆಯ ಬದಿಗೆ ನಿಲ್ಲಿಸಿಯೇ ಎತ್ತೋಣವೆಂದರೆ ಸೀಟಿನ ಕೆಳಗೆ ತಮ್ಮ ಸೋದರ ಯಂತ್ರವೊಂದು ಕುಳಿತಿದ್ದು, ಎರಡು ನಿಮಿಷ ಮೀರಿದ ಪ್ರತಿಯೊಂದು ನಿಲುಗಡೆಯನ್ನೂ ‘ಅನಗತ್ಯ’ ಎಂದು ಬರೆದುಕೊಳ್ಳುತ್ತದೆ. ಅತ್ತ ದರಿ ಇತ್ತ ಪುಲಿ ಎಂದು ಹಿರಿಯರು ಹೇಳಿದ್ದು ಕಾಡಿನ ಕಥೆಯಿರಬೇಕು ಅಂದುಕೊಂಡಿದ್ದೆ.

ಬಡಪಾಯಿಗಳಾದ ನಾವು ಬೆರಳಿಗೆ ತರಬೇತಿ ಕೊಟ್ಟುಕೊಂಡೆವು. ಕಣ್ಣು ರಸ್ತೆಯ ಮೇಲೆ, ಹೆಬ್ಬೆರಳು ಎರಡರ ಮೇಲೆ, ಒಂಬತ್ತು ಸೆಕೆಂಡಿನಲ್ಲಿ ತಮ್ಮನ್ನು ಸಾಗಹಾಕುವ ವಿದ್ಯೆ ಹತ್ತು ಮಂದಿಗೆ ಸಿದ್ಧಿಸಿತು. ಸಿದ್ಧಿಸದೆ ಉಳಿದವರು ಭಾವ ಒಬ್ಬರೇ. ಅದಕ್ಕೆ ಅವರ ವಯಸ್ಸು ಅರ್ಧ ಕಾರಣ, ಮರ್ಯಾದೆ ಇನ್ನರ್ಧ. ವಯಸ್ಸೆಂದರೆ, ಐವತ್ತೆರಡಾದ ಅವರಿಗೆ ದೂರದ್ದು ಕಾಣಲು ಕನ್ನಡಕ ಬೇಕು, ಹತ್ತಿರದ್ದು ಕಾಣಲು ಅದೇ ಕನ್ನಡಕವನ್ನು ಹಣೆಗೇರಿಸಬೇಕು. ಮರ್ಯಾದೆಯೆಂದರೆ, ಯಾರೂ ಇಲ್ಲದ ರಸ್ತೆಯಲ್ಲಿ ಕೆಂಪು ದೀಪಕ್ಕೆ ಕಾದು ನಿಲ್ಲುವ ಮನುಷ್ಯ ಅವರು. ನಮಸ್ಕಾರ ಹೇಳಿದವರಿಗೆ ತಿರುಗಿ ನಮಸ್ಕಾರ ಹೇಳದಿರುವುದು ಅವರಿಂದ ಆಗದ ಕೆಲಸ. ಮಾತು ಮುಗಿಯುವ ಮುಂಚೆ ಫೋನಿಡುವುದಂತೂ ಅವರ ಲೆಕ್ಕದಲ್ಲಿ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ತಾವು ದಿನಕ್ಕೆ ಆರು ಸಲ ನಮಸ್ಕಾರ ಹೇಳಿದಿರಿ. ಅವರು ಆರು ಸಲವೂ ‘ನಮಸ್ಕಾರ ಅಮ್ಮ, ಊಟ ಆಯ್ತಾ’ ಎಂದು ಕೇಳಿದರು. ‘ಅದು ಯಂತ್ರ, ಭಾವ, ಅದಕ್ಕೆ ಹೊಟ್ಟೆಯಿಲ್ಲ’ ಎಂದು ನಾನು ಎಷ್ಟು ಸಲ ಹೇಳಿದೆನೋ. ‘ಇರ್ಲಿ ಬಿಡೋ, ದನಿ ಕೇಳಿದ್ರೆ ಬೆಳಗ್ಗಿಂದ ಒಂದೇ ಸಮ ದುಡೀತಿರೋ ಹೆಣ್ಣುಮಗಳ ಥರ ಇದೆ’ ಎಂದರು. ತಮ್ಮನ್ನು ಮನುಷ್ಯರೆಂದು ಎಣಿಸಿದ ಏಕೈಕ ಗಿರಾಕಿಯನ್ನು ತಾವು ಮಲಗಿಸಿದಿರಿ ಎಂಬುದನ್ನು ವಿನಯಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಅವತ್ತು ಬೆಳಗ್ಗೆ ಒಂಬತ್ತು ನಲವತ್ತೆರಡಕ್ಕೆ, ನೀರಿನ ಟ್ಯಾಂಕಿನ ಬಳಿಯ ವೃತ್ತದಲ್ಲಿ, ತಾವು ಭಾವನಿಗೆ ಕರೆ ಮಾಡಿದಿರಿ. ನಮಸ್ಕಾರಗಳ ವಿನಿಮಯವಾಯಿತು. ಎರಡನ್ನು ಒತ್ತಿ ಎಂದಿರಿ. ಎರಡು ಎಲ್ಲಿದೆಯೆಂದು ನೋಡಲು ಭಾವ ಕನ್ನಡಕವನ್ನು ಹಣೆಗೇರಿಸಿದರು. ಎರಡು ಕಾಣಿಸಿತು, ವೃತ್ತದ ಕಲ್ಲುಕಟ್ಟೆ ಕಾಣಿಸಲಿಲ್ಲ. ಪುಣ್ಯಕ್ಕೆ ಅಡ್ಡ ಯಾರೂ ಇರಲಿಲ್ಲ. ಇದ್ದಿದ್ದರೆ ಈ ಪತ್ರದಲ್ಲಿ ತಮಾಷೆ ಮಾಡುವ ಧೈರ್ಯ ನನಗೆ ಬರುತ್ತಿರಲಿಲ್ಲ. ಭಾವನ ಬಲತೊಡೆಯ ಮೂಳೆ ಎರಡಾಯಿತು, ಹಿಂದಿನಿಂದ ನೂರ ಎಂಬತ್ತು ಮೇಲುಹಾಸುಗಳು ಜಾರಿ ಬಂದು ಅವರ ಮೇಲೆ ಕವುಚಿಕೊಂಡವು. ಅವರನ್ನು ಸೇರಿಸಿದ್ದು ಅದೇ ಬಟ್ಟೆಗಳು ಹೋಗಬೇಕಿದ್ದ ಆಸ್ಪತ್ರೆಗೆ, ಹೀಗಾಗಿ ಆ ದಿನವೆಲ್ಲ ಅವರು ಬರೀ ರೆಕ್ಸಿನ್ ಹಾಸಿಗೆಯ ಮೇಲೆ ಮಲಗಬೇಕಾಯಿತು.

ಇಲ್ಲಿಯವರೆಗಿನದು ಮೂಳೆಯ ವಿಷಯ. ಮೂಳೆಗೆ ಕಂಬಿ ಹಾಕಿದ್ದಾರೆ, ಕೂಡಿಕೊಳ್ಳುತ್ತದೆ. ಕೂಡಿಕೊಳ್ಳದಿರುವುದು ಬೇರೆ.

ವೃತ್ತದ ಎದುರಿನ ಸೆಲೂನಿನ ಯಜಮಾನರು, ಗಿರಾಕಿಯ ಒಂದು ಕೆನ್ನೆಗೆ ನೊರೆ ಹಚ್ಚಿದ್ದನ್ನು ಹಾಗೇ ಬಿಟ್ಟು, ಓಡಿ ಬಂದು ಭಾವನನ್ನು ಹೊರಗೆಳೆದರು. ಅವರ ಋಣ ನಮ್ಮ ಮನೆತನದ ಮೇಲೆ ಸದಾ ಇರುತ್ತದೆ. ಸೀಟಿನ ಕೆಳಗೆ ಬಿದ್ದ ಫೋನಿನಲ್ಲಿ ತಾವು ಆಗಲೂ ಕರ್ತವ್ಯನಿರತರಾಗಿದ್ದಿರಿ. ‘ತಮ್ಮ ಉತ್ತರ ಸಿಗಲಿಲ್ಲ, ತಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇನೆ’ ಎಂದು ಜೇನಿನಂಥ ದನಿಯಲ್ಲಿ ಮತ್ತೆ ಮತ್ತೆ ಕರೆಯುತ್ತಿದ್ದಿರಿ. ಆ ಒಳ್ಳೆಯ ಮನುಷ್ಯ ಆಸ್ಪತ್ರೆಗೂ ಬಂದು, ಫೋನನ್ನು ನನ್ನ ಅಕ್ಕನ ಕೈಗಿಟ್ಟು, ‘ಪಾಪ, ಆ ಹೆಣ್ಣುಮಗಳಿಗೊಂದು ವಿಷಯ ತಿಳಿಸಿಬಿಡಿ ತಾಯಿ, ಕಾಯ್ತಾ ಇದೀನಿ ಕಾಯ್ತಾ ಇದೀನಿ ಅಂತ ಎಷ್ಟು ಸಲ ಅಂದ್ರೋ’ ಎಂದು ಕಣ್ಣೊರೆಸಿಕೊಂಡು ಹೋದರು.

ಅಕ್ಕ ಯಾವ ಹೆಣ್ಣುಮಗಳು ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮರುದಿನ ಭಾವನ ಊಟದ ಡಬ್ಬಿ ತರುವ ನೆವದಲ್ಲಿ ಕಾರ್ಖಾನೆಗೆ ಹೋಗಿ, ಮಡಿಸುವ ಹೆಂಗಸರ ಜೊತೆ ಕೂತು, ತನ್ನ ಗಂಡ ಫೋನಿನಲ್ಲಿ ಯಾರ ಹತ್ತಿರವಾದರೂ ಮಾತಾಡುತ್ತಿದ್ದರೇ ಎಂದು ವಿಚಾರಿಸಿದಳು. ಅವರು ಕಪಟವರಿಯದವರು. ‘ಊಂ, ದಿನಾ ಗೇಟು ದಾಟೋಷ್ಟರಲ್ಲೇ ಒಂದು ಬರ್ತಿತ್ತಲ್ಲ, ಊಟ ಆಯ್ತೇನಮ್ಮ ಅಂತ ಕೇಳ್ತಿದ್ರು, ತಂಗಿಯೇನೋ ಅಂದ್ಕೊಂಡ್ವಿ’ ಎಂದರು. ಭಾವನಿಗೆ ತಂಗಿಯಿಲ್ಲ.

ಅಂದಿನಿಂದ ಒಂಬತ್ತು ದಿನವಾಯಿತು. ಭಾವ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಅಕ್ಕ ಅವರ ಜೊತೆ ಮಾತಾಡಿಲ್ಲ. ಮಾತ್ರೆಯನ್ನು ಸ್ಟೂಲಿನ ಮೇಲಿಡುತ್ತಾಳೆ, ಪಕ್ಕದಲ್ಲಿ ನೀರಿಡುತ್ತಾಳೆ, ಹೋಗುತ್ತಾಳೆ. ಹೇಳುವುದೇನಿದ್ದರೂ ನಾನು ಮಧ್ಯಾಹ್ನ ಬಂದಾಗ ನನ್ನ ಮುಖ ನೋಡಿ ಹೇಳುತ್ತಾಳೆ, ಒಂದೇ ಕೋಣೆಯಲ್ಲಿ ಕೂತು ನಾನದನ್ನು ಭಾವನಿಗೆ ದಾಟಿಸುತ್ತೇನೆ. ಭಾವ ನಿಜವನ್ನೇ ಹೇಳಿದರು, ಅದು ಕಂಪನಿಯ ಯಂತ್ರವೆಂದು. ‘ಯಂತ್ರಕ್ಕೆ ಯಾರಾದ್ರೂ ಊಟ ಆಯ್ತಾ ಅಂತ ಕೇಳ್ತಾರೇನೋ’ ಎಂದು ಅಕ್ಕ ನನ್ನನ್ನು ಕೇಳಿದಳು. ಮಾನ್ಯರೇ, ಆ ಪ್ರಶ್ನೆಯನ್ನೂ ನಾನು ಭಾವನಿಗೆ ದಾಟಿಸಿದೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ಇಬ್ಬರು ಒಂದು ಸ್ಟೂಲಿನ ಆಚೀಚೆ ಹೀಗೆ ಕೂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಇದನ್ನು ಯಾವ ವ್ಯಂಗ್ಯವೂ ಇಲ್ಲದೆ ಬರೆಯುತ್ತಿದ್ದೇನೆ.

ಇನ್ನು ಕಂಪನಿಯ ನ್ಯಾಯ. ಗಾಯದ ಮೇಲೆ ಬರೆ ಎಳೆದ ಹಾಗೆ ಭಾವನಿಗೆ ನೋಟಿಸು ಬಂದಿದೆ. ಅಪಘಾತದ ಕ್ಷಣದವರೆಗೆ ಚಾಲಕನು ಮೊಬೈಲಿನಲ್ಲಿ ಮೂವತ್ತೆಂಟು ಸೆಕೆಂಡು ಸಂಭಾಷಣೆಯಲ್ಲಿ ತೊಡಗಿದ್ದು ದೃಢಪಟ್ಟಿರುವುದರಿಂದ ಕೆಲಸದಿಂದ ಏಕೆ ತೆಗೆಯಬಾರದು, ಸೋಮವಾರ ವಿಚಾರಣೆಗೆ ಹಾಜರಾಗಿ ತಿಳಿಸತಕ್ಕದ್ದು. ಸಂಭಾಷಣೆ ಯಾರೊಂದಿಗೆ ಎಂಬ ಕಡೆ ಗೆರೆ ಎಳೆದು ಖಾಲಿ ಬಿಟ್ಟಿದ್ದಾರೆ. ‘ಅದು ತಮ್ಮದೇ ಧ್ವನಿಯವರು ಸ್ವಾಮಿ’ ಎಂದು ನಾನು ಮೇಲ್ವಿಚಾರಕರ ಬಳಿ ಹೋಗಿ ಹೇಳಿದೆ. ಸುರಕ್ಷತಾ ಕರೆ ಮೊಬೈಲ್ ಬಳಕೆಯ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಬಳಕೆ ಎಂದು ದಾಖಲಾದದ್ದು ಸುರಕ್ಷತಾ ಕರೆಯಾಗಿರಲು ಸಾಧ್ಯವಿಲ್ಲ ಎಂದು ಅವರು ವಿವರಿಸಿದರು. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವವರ ಮುಂದೆ ಎತ್ತು ಗಂಡೆಂದು ವಾದಿಸುವುದು ಹೇಗೆ? ಹೋಗಲಿ, ಕರೆಯ ಧ್ವನಿಮುದ್ರಣವನ್ನಾದರೂ ಕೇಳಿಸಿ ಎಂದೆ. ಕರೆ ಸ್ವೀಕರಿಸಿದ ಚಾಲಕನು ಅದೇ ಫೋನಿನಿಂದ, ಕೆಲಸದ ವೇಳೆಯಲ್ಲಿ, ವ್ಯಾನಿನೊಳಗಿಂದ ಕೋರಿದರೆ ಮಾತ್ರ ಕೇಳಿಸಲಾಗುವುದಂತೆ. ವ್ಯಾನು ಗುಜರಿಗೆ ಹೋಗಿದೆ, ಚಾಲಕ ಮಂಚದ ಮೇಲಿದ್ದಾನೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಸೋಮವಾರ ಹನ್ನೊಂದು ಗಂಟೆಗೆ ತಾವು ಖುದ್ದಾಗಿ ವಿಚಾರಣೆಗೆ ಬಂದು, ಆ ಗೆರೆಯ ಮೇಲೆ ತಮ್ಮ ಹೆಸರನ್ನು ತಾವೇ ಬರೆಯಬೇಕು. ಕೈಯಿಲ್ಲವೆಂದು ಸಂಕೋಚ ಬೇಡ, ಹೆಬ್ಬೆಟ್ಟಾದರೂ ನಡೆಯುತ್ತದೆ. ಅದಕ್ಕೂ ಮುಂಚೆ ಬಿಡುವು ಮಾಡಿಕೊಂಡು ಅಕ್ಕನ ಮನೆಗೆ ಬಂದು, ಅವಳೆದುರು ಕೂತು, ತಮಗೆ ಬೇರೆ ಹತ್ತು ಮಂದಿ ಚಾಲಕರೂ ಇದ್ದಾರೆಂದು, ಯಾರ ಮೇಲೂ ವಿಶೇಷ ಮಮತೆಯಿಲ್ಲವೆಂದು ಹೇಳಬೇಕು. ಅವಳು ತಲೆಯಿಂದ ಕಾಲಿನವರೆಗೆ ನೋಡುತ್ತಾಳೆ, ಬೇಸರಿಸಬಾರದು. ಹೋಗುವಾಗ ಭಾವ ಕೇಳಿದ ಪ್ರಶ್ನೆಗೂ ಒಂದು ಉತ್ತರ ಕೊಟ್ಟುಹೋಗಿ. ದಿನಕ್ಕೆ ಆರರಂತೆ ನಾಲ್ಕು ತಿಂಗಳು ಕೇಳಿದ್ದಾರೆ, ಊಟ ಆಯಿತೋ ಇಲ್ಲವೋ ಎಂದು ಒಂದು ಸಲವಾದರೂ ಹೇಳಬೇಕಾದ್ದು ಧರ್ಮ.

ಇವು ಯಾವುವೂ ಸಾಧ್ಯವಿಲ್ಲವೆಂದಾದರೆ, ಚಾಲಕ ಗಾಡಿ ಓಡಿಸುವಾಗ ಫೋನ್ ಮಾಡದಿರುವ ಕಷ್ಟದ ಅಭ್ಯಾಸವನ್ನಾದರೂ ದಯಮಾಡಿ ರೂಢಿಸಿಕೊಳ್ಳಬೇಕು. ನಾವೆಲ್ಲ ರೂಢಿಸಿಕೊಂಡವರೇ, ಮೊದಲ ವಾರ ಕೈ ತುರಿಸುತ್ತದೆ, ಆಮೇಲೆ ಸರಿಹೋಗುತ್ತದೆ.

ಎತ್ತಿದರೂ ತಪ್ಪಿತಸ್ಥನಾಗಿ, ಎತ್ತದಿದ್ದರೂ ತಪ್ಪಿತಸ್ಥನಾಗಿ ಉಳಿಯುವ,

ತಮ್ಮ ವಿಶ್ವಾಸಿ,
ನಾಲ್ಕನೇ ನಂಬರ್ ವ್ಯಾನಿನ ಚಾಲಕ

ತಾ.ಕ.: ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕುತ್ತಿದ್ದಂತೆ, ಅಕ್ಕನ ಅಡುಗೆಮನೆಯಲ್ಲಿ ಕೂತಿದ್ದ ನನಗೆ ತಮ್ಮ ಕರೆ ಬಂತು. ನನಗೆ ಆವರೆಗೂ ಹೊಳೆಯದಿದ್ದದ್ದು ಆಗ ಹೊಳೆಯಿತು. ಎತ್ತಿ, ಸ್ಪೀಕರ್ ಹಾಕಿ, ಫೋನನ್ನು ಅಕ್ಕನ ಮುಂದಿಟ್ಟೆ. ತಾವು ನಮಸ್ಕಾರ ಹೇಳಿದಿರಿ, ಎರಡನ್ನು ಒತ್ತಿ ಎಂದಿರಿ, ಯಾರೂ ಒತ್ತದಿದ್ದಾಗ ಕಾಯುತ್ತಿದ್ದೇನೆ ಎಂದಿರಿ. ಅಕ್ಕ ಫೋನನ್ನು ಹತ್ತಿರಕ್ಕೆಳೆದುಕೊಂಡಳು. ಆಮೇಲೆ ಒಂಬತ್ತು ದಿನ ಕಟ್ಟಿಟ್ಟದ್ದನ್ನೆಲ್ಲ ತಮಗೆ ಒಪ್ಪಿಸಿದಳು. ಅದನ್ನಿಲ್ಲಿ ಬರೆಯುವುದು ಸಭ್ಯತೆಯಲ್ಲ, ತಾವು ಮುದ್ರಿಸಿಕೊಂಡಿದ್ದೀರಿ. ನಡುನಡುವೆ ತಾವು ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಎಂದು ಕೋರಿದಿರಿ, ಅವಳು ಮತ್ತೊಮ್ಮೆ ಪ್ರಯತ್ನಿಸಿದಳು. ನಂತರ ಕೈ ಒರೆಸಿಕೊಂಡು ಕೋಣೆಗೆ ಹೋಗಿ, ‘ಇವಳಿಗೇನ್ರೀ ನೀವು ಊಟ ಆಯ್ತಾ ಅಂತ ಕೇಳ್ತಿದ್ದದ್ದು’ ಎಂದು ಭಾವನನ್ನೇ ಕೇಳಿದಳು. ‘ಮೊದಲು ನಮಸ್ಕಾರ ಅಂದಿದ್ದು ಅವಳೇ ಕಣೇ’ ಎಂದರು ಭಾವ. ಆಮೇಲೆ ಆ ಕೋಣೆಯಲ್ಲಿ ನನ್ನ ಅಗತ್ಯ ಬೀಳಲಿಲ್ಲ.

ಅರ್ಧ ಗಂಟೆಯಲ್ಲಿ ನನಗೂ ನೋಟಿಸು ಬಂದಿದೆ: ಕೆಲಸದ ವೇಳೆಯಲ್ಲಿ ಅನಗತ್ಯ ನಿಲುಗಡೆ, ಜೊತೆಗೆ ಮೊಬೈಲಿನಲ್ಲಿ ನಾಲ್ಕು ನಿಮಿಷ ಹನ್ನೆರಡು ಸೆಕೆಂಡು ದೀರ್ಘ ಸಂಭಾಷಣೆ, ವಿಚಾರಣೆ ಸೋಮವಾರ ಹನ್ನೊಂದಕ್ಕೆ. ಹೀಗಾಗಿ ತಾವು ಬರಲೇಬೇಕೆಂದು ಮೇಲೆ ಮಾಡಿದ ಒತ್ತಾಯವನ್ನು ಹಿಂತೆಗೆದುಕೊಂಡಿದ್ದೇನೆ. ನಮ್ಮಿಬ್ಬರ ಪರವಾಗಿ ಮಾತಾಡಲು ಅಕ್ಕ ಬರುತ್ತಾಳೆ. ಮೇಲ್ವಿಚಾರಕರಿಗೆ ಈ ವಿಷಯ ಮುಂಚಿತವಾಗಿ ತಿಳಿಸಿ, ಅವರು ಗಾಡಿ ಓಡಿಸುತ್ತಿಲ್ಲದ ಹೊತ್ತು ನೋಡಿಕೊಂಡು.