ಹಿತ್ತಾಳೆ ಬಿಲ್ಲೆಯ ಬಿ.ಎ.

ಈ ಚಿನ್ನದ ಗಣಿಯ ಸೀಮೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತದೆ, ಮನೆಯಲ್ಲೇ ಓದಿ ಬಿ.ಎ. ಪಾಸು ಮಾಡಿದ ಮೊದಲನೆಯ ಮನುಷ್ಯ ನಾನು. ಇದು ಸುಳ್ಳು. ಮೊದಲನೆಯವನಂತೂ ಅಲ್ಲ, ಪಾಸಾದೆನೋ ಇಲ್ಲವೋ ಅದೂ ಇವತ್ತಿನವರೆಗೆ ಇತ್ಯರ್ಥವಾಗಿಲ್ಲ. ಮನೆಯಲ್ಲಿ ಓದಿದ್ದು ಮಾತ್ರ ನಿಜ. ಮೇಷ್ಟ್ರಿಲ್ಲದೆ ಓದುವವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಹೇಳುವವನು ನಾನಾದರೆ ಒಂದೆರಡು ಹೆಚ್ಚೇ ಆಗುತ್ತವೆ.

ಲಗ್ನಪತ್ರಿಕೆ

ಆಗ ನಾನು ಗಣಿ ಆಫೀಸಿನಲ್ಲಿ ಗುಮಾಸ್ತ, ಇಂಟರ್ ಪಾಸು. ಕಾಮಸಮುದ್ರದ ಕಡೆಯ ಪಟೇಲರೊಬ್ಬರ ಮಗಳು ಗೊತ್ತಾದಳು. ಲಗ್ನಪತ್ರಿಕೆ ಅಚ್ಚು ಹಾಕುವವನಿಗೆ, ‘ಹೆಸರಿನ ಮುಂದೆ ಬಿ.ಎ. ಅಂತ ಸೇರಿಸಪ್ಪ, ಹೇಗೂ ಮುಂದೆ ಓದುತ್ತೀನಲ್ಲ’ ಅಂದೆ. ಅವನು ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಸೇರಿಸಿದ.

ಮದುವೆ ದಿನ ಊರಿನ ಮೇಷ್ಟ್ರು, ‘ಬಿ.ಎ. ಯಾವ ವರ್ಷ ಆಯ್ತು?’ ಅಂದರು. ಒಂದು ವರ್ಷ ಹೇಳಿದೆ. ಶಾನುಭೋಗರು ಕೇಳಿದರು. ಅವರಿಗೆ ಇನ್ನೊಂದು ವರ್ಷ ಹೇಳಿದೆ. ಇಬ್ಬರೂ ಊಟಕ್ಕೆ ಪಕ್ಕಪಕ್ಕದ ಎಲೆಗೆ ಕೂತರು. ಪಾಯಸ ಬರುವ ಹೊತ್ತಿಗೆ ವಿಷಯ ಮಾವನ ಕಿವಿಗೆ ಬಿತ್ತು.

ಮಾವ ಕೂಗಾಡಲಿಲ್ಲ. ಪತ್ರಿಕೆ ಮಡಿಸಿ ಜೇಬಿಗಿಟ್ಟುಕೊಂಡು, ‘ಅಳಿಯಂದ್ರೇ, ಊರೆಲ್ಲ ಅಂಚಿದ್ದಾಯ್ತು. ಈಗ ಕಾಗ್ದ ತಿದ್ದಕ್ಕಾಗಾಕಿಲ್ಲ, ನಿಮ್ಮನ್ನೇ ತಿದ್ದಬೇಕು. ಬಿ.ಎ. ಆಗ್ಲಿ, ಮಗಳನ್ನ ಕಳುಸ್ತೀನಿ’ ಅಂದರು.

ಮದುವೆಗೆ ಗಾಡಿ ತುಂಬ ಜನ ಕರೆದುಕೊಂಡು ಹೋದವನು, ನಮ್ಮ ಗಣಿ ಇರುವ ಊರಿಗಾಂಗೆ ಒಂದು ಬುಟ್ಟಿ ಲಾಡು ಹಿಡಿದು ವಾಪಸು ಬಂದೆ.

ತರ್ಕಶಾಸ್ತ್ರ

ಖಾಸಗಿಯಾಗಿ ಪರೀಕ್ಷೆ ಕಟ್ಟಲು ಅಪ್ಪಣೆ ಸಿಕ್ಕಿತು. ತರ್ಕಶಾಸ್ತ್ರ ಇಂಗ್ಲೀಷಿನಲ್ಲಿ ತಲೆಗೆ ಹತ್ತಲಿಲ್ಲ. ನಮ್ಮ ಲೈನಿನ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳ, ಭಾಷೆಗೆ ಇಳಿಸಿಕೊಂಡು ಗಟ್ಟಿಯಾಗಿ ಉರು ಹೊಡೆದೆ: ‘ಮನುಷ್ಯರೆಲ್ಲ ಸಾಯುವವರು. ನಾನು ಮನುಷ್ಯ. ಆದ್ದರಿಂದ ನಾನು ಸಾಯಬೇಕು.’

ಲೈನಿನ ಮನೆಗಳಿಗೆ ನಡುವೆ ಇರುವುದು ತಟ್ಟಿ ಗೋಡೆ. ಪಕ್ಕದ ಮನೆಯ ತಮಿಳು ಅಜ್ಜಿ ಅನ್ನ, ಕರುವಾಡು ಅನ್ನುವ ಒಣಮೀನಿನ ಸಾರು ಹಿಡಿದು ಓಡಿ ಬಂದಳು. ‘ತಂಬಿ, ಅಂಥ ಮಾತು ಆಡಬೇಡ. ಪೊಂಡಾಟಿ, ನಿನ್ನ ಹೆಂಡ್ತಿ, ಬಂದೇ ಬರ್ತಾಳೆ. ಮದ್ಲು ಉಣ್ಣು.’

‘ಅಜ್ಜಿ, ಇದು ಪಾಠ.’

‘ಆಮಾ, ಆಮಾ. ಜೀವನ ಎಲ್ಲಾ ಪಾಠಾನೇ. ಉಣ್ಣು.’

ಮಾರನೇ ದಿನ ಎದುರು ಮನೆಯ ತೆಲುಗು ಅಮ್ಮ ಪುಳಿಹೋರ ತಂದಳು. ಆ ವರ್ಷ ಮೂರು ತಿಂಗಳು ನಾನು ತರ್ಕಶಾಸ್ತ್ರ ಬಿಟ್ಟು ಬೇರೆ ಓದಲಿಲ್ಲ. ಅದನ್ನೂ ಊಟದ ಹೊತ್ತಿಗೇ ಓದುತ್ತಿದ್ದೆ.

ಪಾಣಿಪತ್ತಿನ ನಕ್ಷೆ

ಗಣಿಯ ಗೇಟಿನಲ್ಲಿ ಹೊರಗೆ ಬರುವವರನ್ನೆಲ್ಲ ತಡಕುತ್ತಾರೆ. ಚಿನ್ನದ ಪುಡಿ ಜುಟ್ಟಿನಲ್ಲೂ ಅಡಗುತ್ತದೆ. ಒಂದು ಸಂಜೆ ನನ್ನ ಜೇಬಿನಲ್ಲಿ ಸಿಕ್ಕಿದ್ದು ಚಿನ್ನವಲ್ಲ, ಚರಿತ್ರೆಯ ಪಾಠಕ್ಕೆ ಬರೆದುಕೊಂಡ ಪಾಣಿಪತ್ ಯುದ್ಧದ ನಕ್ಷೆ.

‘ಈ ಬಾಣದ ಗುರುತು ಏನು?’ ಅಂದ ಕಾವಲುಗಾರ.

‘ಜನ ನುಗ್ಗೋ ದಾರಿ.’

‘ಎಷ್ಟು ಜನ?’

‘ಸಾವಿರಾರು’ ಅಂದೆ. ನನಗೂ ನಾಲಿಗೆಯ ಚಪಲ. ಅವನು ಸೀಟಿ ಊದಿದ.

ಗಣಿಯ ಇಂಗ್ಲೀಷ್ ದೊರೆಯ ಮುಂದೆ ನಿಲ್ಲಿಸಿದರು. ದೊರೆ ಇಡೀ ಆಯಸ್ಸು ಸುರಂಗದ ನಕ್ಷೆ ನೋಡಿದವನು. ನನ್ನ ಮಾತಿಗೆ ಕಾಯದೆ ಕೆಂಪು ಪೆನ್ಸಿಲ್ ತಗೊಂಡು, ‘ಇಲ್ಲಿ ಮೇಲ್ಭಾಗ ಕುಸಿಯುತ್ತೆ. ಎರಡು ಕಡೆ ಮರದ ತೊಲೆ ಆನಿಸಬೇಕು’ ಅಂತ ಗೀಚಿ ರುಜು ಹಾಕಿ ಕೊಟ್ಟ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ನಾನು ಉರು ಹೊಡೆದ ನಕ್ಷೆ ಹಾಗೇ ಇಳಿಸಿದೆ, ದೊರೆಯ ತೊಲೆಗಳ ಸಮೇತ.

ರಿಸಲ್ಟು

ಇನ್ನೊಂದು ಮಾತು ಹೇಳಬೇಕು. ಗಣಿಯಲ್ಲಿ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಪ್ರತಿಯೊಬ್ಬನಿಗೂ ನಂಬರು ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ. ನನ್ನದು ನಾನೂರ ಹದಿನೇಳು. ದಿನಾ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಬರೆಯುವುದೂ ಅದನ್ನೇ.

ಪತ್ರಿಕೆಯಲ್ಲಿ ಫಲಿತಾಂಶ ಬರುವ ದಿನ ಬಂಗಾರಪೇಟೆ ಸ್ಟೇಷನ್ನಿಗೆ ಹೋದೆ. ಮಾವ ಆಗಲೇ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ನಿಂತಿದ್ದರು. ಗಾಡಿಯಲ್ಲಿ ಟ್ರಂಕು, ಟ್ರಂಕಿನ ಪಕ್ಕ ನನ್ನ ಹೆಂಡತಿ.

‘ಪಾಸಾಗಿದ್ರೆ ಇಲ್ಲಿಂದ್ಲೇ ಕರ್ಕೊಂಡೋಗಿ. ಇಲ್ದಿದ್ರೆ ಗಾಡಿ ತಿರುಗುಸ್ತೀನಿ’ ಅಂದರು.

ರೈಲು ಬಂತು, ಪತ್ರಿಕೆ ಬಂತು. ಪರೀಕ್ಷೆಯ ನನ್ನ ನಂಬರು ಇನ್ನೂರ ಅರವತ್ತಮೂರು. ಪಟ್ಟಿಯಲ್ಲಿ ಅರವತ್ತೊಂದು ಇತ್ತು, ಆಮೇಲೆ ಅರವತ್ತಾರು. ನಡುವೆ ಯಾರೂ ಇಲ್ಲ. ಮಾವ ಆಗಲೇ ಎತ್ತಿನ ಮೂಗುದಾರಕ್ಕೆ ಕೈ ಹಾಕಿದ್ದರು.

ಆಗ ನೆನಪಾಯಿತು. ಬೆಂಗಳೂರಿನ ಪರೀಕ್ಷೆಯ ಹಾಲಿನಲ್ಲಿ ‘ನಂಬರು ಬರೀರಿ’ ಅಂದಾಗ ನನ್ನ ಕೈ ಬರೆದದ್ದು ದಿನಾ ಬರೆಯುವ ನಂಬರನ್ನು. ಆರು ಉತ್ತರಪತ್ರಿಕೆಗೂ ಅದನ್ನೇ. ಕೆಳಗೆ ಕಣ್ಣಾಡಿಸಿದೆ. ನಾನೂರ ಹದಿನೇಳು ಪಾಸು.

ಆ ನಂಬರಿನ ಅಸಲಿ ಯಜಮಾನ ಯಾವನೋ ಒಬ್ಬ ಇದ್ದೇ ಇರುತ್ತಾನೆ. ಪಾಸಾದದ್ದು ಅವನೋ ನಾನೋ, ನಾನು ವಿಚಾರಿಸಲು ಹೋಗಲಿಲ್ಲ. ಸೊಂಟದಿಂದ ಬಿಲ್ಲೆ ಬಿಚ್ಚಿ ಪತ್ರಿಕೆಯ ಪಕ್ಕ ಇಟ್ಟೆ.

ಮಾವನಿಗೆ ಅಂಕಿ ಬರುತ್ತದೆ, ಇಂಗ್ಲೀಷು ಬಾರದು. ಪಂಚೆಯ ಅಂಚಿನಿಂದ ಬಿಲ್ಲೆ ಉಜ್ಜಿ, ಮೂರು ಸಲ ತಾಳೆ ನೋಡಿದರು. ‘ಇತ್ತಾಳೆ ಮ್ಯಾಗೇ ಕೆತ್ತವ್ರೆ. ದೊರೆಗೋಳು ಸುಮ್ಸುಮ್ನೆ ಕೆತ್ತುತಾರಾ?’ ಅಂದು ಟ್ರಂಕು ಇಳಿಸಿದರು.

ಊರಿಗಾಂ ರೈಲು ಹೊರಟ ಮೇಲೆ ಹೆಂಡತಿ ಸೆರಗಿನ ಗಂಟಿನಿಂದ ಒಂದು ಕಾರ್ಡು ತೆಗೆದಳು. ನಾನೇ ಬರೆದದ್ದು: ‘ನನ್ನ ನಂಬರು 263. ದೇವರಿಗೆ ದೀಪ ಹಚ್ಚು.’

‘ದಿನಾ ಈ ನಂಬರಿಗೆ ದೀಪ ಅಚ್ಚಿದ್ದೀನಿ. ಆ ನಾನೂರದಿನೇಳು ಯಾರ್ದು?’

ನಾನು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡೆ. ‘ಅಲ್ಲೇ ಕೇಳಬಹುದಿತ್ತಲ್ಲ?’

‘ಕೇಳಿದ್ರೆ ಅಪ್ಪ ಗಾಡಿ ತಿರುಗುಸ್ತಿರ್ಲಿಲ್ವಾ?’ ಅಂದು ಕಿಟಕಿಯ ಆಚೆ ನೋಡಿದಳು. ‘ಮದ್ವೆ ದಿನಾನೂ ಟ್ರಂಕು ಕಟ್ಟಿ ಬಿಚ್ಚಿದ್ದೀನಿ. ಇನ್ನೊಂದು ಸಲ ನನ್ಕೈಲಾಗಾಕಿಲ್ಲ.’

ಸರ್ಟಿಫಿಕೇಟು ಇನ್ನೂ ಟಪಾಲಿನಲ್ಲಿ ಬಂದಿಲ್ಲ. ಬಂದ ಕೂಡಲೇ ನಿಮಗೇ ಮೊದಲು ತೋರಿಸುತ್ತೇನೆ. ಅಲ್ಲಿಯವರೆಗೆ ಈ ಟೀಗೆ ಕಾಸು ನೀವೇ ಕೊಟ್ಟುಬಿಡಿ. ಅಂಗಡಿಯವನಿಗೂ ಅಂಕಿ ಬರುತ್ತದೆ, ಆದರೆ ಬಿಲ್ಲೆ ತೋರಿಸಿದರೆ ನಂಬುವುದಿಲ್ಲ.