ವಾಷಿಂಗ್ ಮಷೀನಿನ ಮುಂದೆ ಫ್ರೆಂಚ್ ಪಾಠ

"ನಾಳೆಯಿಂದ ಈ ಮನೆಯಲ್ಲಿ ಇಂಗ್ಲಿಷ್ ಬಂದ್!"

ಭಾನುವಾರ ಬೆಳಗ್ಗೆ ಕೆನಡಾದ ರಾಜಧಾನಿ ಒಟ್ಟಾವಾದ ತನ್ನ ಅಡುಗೆಮನೆಯಲ್ಲಿ, ಬೆಣ್ಣೆ ಹಚ್ಚುವ ಚಾಕುವನ್ನು ಖಡ್ಗದಂತೆ ಎತ್ತಿ ಹಿಡಿದು ಲಾಕ್ಲನ್ ಮೆಕ್‌ಫೀ ಹೀಗೆ ರಾಜಾಜ್ಞೆ ಹೊರಡಿಸಿದ. ಇಂಗ್ಲಿಷ್, ಫ್ರೆಂಚ್ ಎರಡೂ ನಡೆಯುವ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಸವೆಸಿ ಈಗಷ್ಟೇ ಹಂಗಾಮಿ ನಿರ್ದೇಶಕನ ಕುರ್ಚಿ ಏರಿದ್ದ. ಆ 'ಹಂಗಾಮಿ' ಉದುರಬೇಕಾದರೆ ಫ್ರೆಂಚ್ ಮೌಖಿಕ ಪರೀಕ್ಷೆಯಲ್ಲಿ 'ಸಿ' ದರ್ಜೆ ಬರಬೇಕು. ಜಗತ್ತಿನಲ್ಲೆಲ್ಲ 'ಎ' ಬಂದರೆ ಸನ್ಮಾನ. ಈ ಪರೀಕ್ಷೆಯಲ್ಲಿ ಮಾತ್ರ 'ಎ' ಅಂದರೆ ಅಂಬೆಗಾಲು, 'ಸಿ' ಅಂದರೆ ಪಾಂಡಿತ್ಯ! ಲಾಕ್ಲನ್‌ಗೆ ಎರಡು ಸಲವೂ 'ಬಿ' ಬಂದಿತ್ತು. ಉಳಿದದ್ದು ಐದು ವಾರ, ಒಂದೇ ಅವಕಾಶ. ತಪ್ಪಿದರೆ ಕಿಟಕಿಯಿಲ್ಲದ ಹಳೆಯ ಮೂಲೆಯ ಮೇಜೇ ಗತಿ.

"ಐವತ್ಮೂರನೇ ವಯಸ್ಸಲ್ಲಾದ್ರೂ ಬುದ್ಧಿ ಬಂತಲ್ಲ, ಸಂತೋಷ," ಅಂದಳು ಹೆಂಡತಿ ಗಿಲೇನ್.

ಅವಳು ನದಿಯಾಚೆ, ಕಾಗದದ ಕಾರ್ಖಾನೆಯಿದ್ದ ಊರಿನವಳು. ತೊಟ್ಟಿಲಲ್ಲೇ ಫ್ರೆಂಚ್ ಕಲಿತವಳು. ಆದರೂ ಇಪ್ಪತ್ತೇಳು ವರ್ಷ ಈ ದಂಪತಿಯ ಪ್ರೀತಿ, ಜಗಳ, ದಿನಸಿ ಪಟ್ಟಿ ಎಲ್ಲವೂ ನಡೆದದ್ದು ಇಂಗ್ಲಿಷಿನಲ್ಲೇ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ, ಲಾಕ್ಲನ್ ಮಾತ್ರ ಕಚೇರಿಯವರು ಗೊತ್ತುಮಾಡಿದ ಮೇಷ್ಟರ ಬಳಿ ಪಾಠಕ್ಕೆ ಹೋಗುತ್ತಿದ್ದ.

"ಒಂದು ಷರತ್ತು," ಅಂದಳು ಗಿಲೇನ್. "ನೀನು ಇಂಗ್ಲಿಷಲ್ಲಿ ಏನೇ ಅಂದ್ರೂ ನನಗೆ ಕೇಳಿಸಲ್ಲ. ಮನೆಗೆ ಬೆಂಕಿ ಬಿದ್ರೂ ಕೇಳಿಸಲ್ಲ!"

"ಒಪ್ಪಿದೆ!"

ಬೆಂಕಿಯೇನೂ ಬೀಳಲಿಲ್ಲ. ನೀರು ಬಿತ್ತು.

ಈ ಪರೀಕ್ಷೆಯಲ್ಲಿ 'ನಿಮ್ಮ ಕಚೇರಿಯಲ್ಲಿ ಇಂಥ ಅನಾಹುತವಾದರೆ ಏನು ಮಾಡುವಿರಿ?' ಎಂದು ಕೇಳುವ ವಾಡಿಕೆಯಿದೆ. ಅದಕ್ಕಾಗಿ ಲಾಕ್ಲನ್ ದಿನವೂ ನೆಲಮಾಳಿಗೆಗೆ ಇಳಿದು, ವಾಷಿಂಗ್ ಮಷೀನನ್ನೇ ಪರೀಕ್ಷಕಿ ಎಂದು ಭಾವಿಸಿ, ಬೆಂಕಿ, ಮುಷ್ಕರ, ಭೂಕಂಪಗಳನ್ನೆಲ್ಲ ಏರುದನಿಯಲ್ಲಿ ನಿಭಾಯಿಸುತ್ತಿದ್ದ. ಒಂದು ಶನಿವಾರ ಬೆಳಗ್ಗೆ ಆ ಪರೀಕ್ಷಕಿಯೇ ಕೈಕೊಟ್ಟಳು! ಮಷೀನಿನ ಹಿಂದಿನ ಪೈಪು ಫಟ್ಟನೆ ಕಿತ್ತು ಬಂದು, ನೀರು ನೇರವಾಗಿ ಅವನ ಎದೆಗೆ ಬಡಿಯಿತು. ಎರಡೂ ಕೈಯಿಂದ ಪೈಪನ್ನು ಅದುಮಿ ಹಿಡಿದ. ನೀರು ನಿಲ್ಲಿಸುವ ತಿರುಪು ಎಲ್ಲಿದೆಯೋ ಗಿಲೇನ್‌ಗೇ ಗೊತ್ತು. ಮೇಷ್ಟರು ಕಲಿಸಿದ ಫ್ರೆಂಚಿನಲ್ಲಿ ಕೂಗಿದ:

"ಪ್ರಸ್ತುತ ಉದ್ಭವಿಸಿರುವ ಪರಿಸ್ಥಿತಿಯನ್ನು ಗಮನದಲ್ಲಿಟ್ಟುಕೊಂಡು, ನೀರಿನ ಸರಬರಾಜನ್ನು ಸ್ಥಗಿತಗೊಳಿಸುವುದು ಅಪೇಕ್ಷಣೀಯವೆಂದು ಭಾವಿಸುತ್ತೇನೆ!"

"ಭೇಷ್! ಮುಂದುವರಿಸು!" ಎಂದು ಮೇಲಿನಿಂದ ಉತ್ತರ ಬಂತು.

"ನೀರಿನ ಪ್ರಮಾಣವು ಗಣನೀಯವಾಗಿ ಏರುತ್ತಿದೆ!"

"ಮಾತೇನೋ ಚೆನ್ನಾಗಿದೆ ಕಣೋ, ಆದ್ರೆ ಗಾಬರಿ ಸಾಲ್ದು. ದನೀಲಿ ಸ್ವಲ್ಪ ಗಾಬರಿ ತುಂಬು!"

"ತಮ್ಮ ತಕ್ಷಣದ ಸಹಕಾರವನ್ನು ಕಳಕಳಿಯಿಂದ ಕೋರುತ್ತೇನೆ!!"

"ಹಾಂ, ಹಾಗೆ! ಹೀಗೇ ಮಾತಾಡಿದ್ರೆ 'ಸಿ' ಗ್ಯಾರಂಟಿ!"

ನೀರು ಮೊದಲ ಮೆಟ್ಟಿಲು ಮುಳುಗಿಸಿ ಎರಡನೆಯದಕ್ಕೆ ಕೈಯಿಟ್ಟಿತು. ಲಾಕ್ಲನ್‌ನ ಪಾಂಡಿತ್ಯವೆಲ್ಲ ಕರಗಿ ಹೋಗಿ, ಅವನು ಅಪ್ಪಟ ಇಂಗ್ಲಿಷಿನಲ್ಲಿ ಅರಚಿದ: "ಮುಳುಗ್ತಾ ಇದೀನಿ, ಬಾರೇ ಬೇಗ!"

ಮೇಲಿನಿಂದ ಗಿಲೇನ್ ದನಿ ಬಂತು: "ಏನೋ ಸದ್ದಾಯ್ತಪ್ಪ, ನನಗೇನೂ ಕೇಳಿಸ್ಲಿಲ್ಲ!"

ಇಷ್ಟು ಚೆನ್ನಾಗಿ ಓದುವ ಗಂಡನಿಗೆ ಕಾಫಿ ಕೊಡೋಣವೆಂದು ಗಿಲೇನ್ ಇಳಿದು ಬಂದಾಗಲೇ ಸತ್ಯ ಹೊರಬಿದ್ದದ್ದು. "ಅಯ್ಯೋ ದೇವ್ರೇ!" ಎನ್ನುತ್ತಾ ನೀರಿಗಿಳಿದು, ಗೋಡೆಯ ತಿರುಪನ್ನು ಒಂದೇ ಸುತ್ತಿನಲ್ಲಿ ಮುಚ್ಚಿದಳು.

"ಇಷ್ಟಕ್ಕೆ ಭಾಷಣ ಯಾಕೋ ಬೇಕಿತ್ತು? 'ನೀರು, ಬಾರೇ' ಅಂತ ಫ್ರೆಂಚಲ್ಲಿ ಎರಡು ಮಾತು ಅಂದಿದ್ರೆ ಓಡಿ ಬರ್ತಿರ್ಲಿಲ್ವಾ?"

"ಅದು 'ಬಿ' ದರ್ಜೆಯ ಮಾತು," ಎಂದ ಲಾಕ್ಲನ್, ಹಲ್ಲು ಕಟಕಟ ಎನ್ನಿಸುತ್ತಾ.

ಆಗ ತೇಲಿ ಬಂತು ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ನೀಲಿ ಹೊದಿಕೆಯ ಒಂದು ನೋಟ್‌ಬುಕ್. ಮದುವೆಗೆ ಮುಂಚೆ, ಅವಳೂರಿನ ಬಸ್ಸಿಗೆ ಕಾಯುತ್ತಾ ಅವಳು ಹೇಳಿಕೊಟ್ಟದ್ದನ್ನೆಲ್ಲ ಅವನು ಬರೆದಿಟ್ಟುಕೊಂಡದ್ದು. ಅದರಲ್ಲಿ 'ಉದ್ಭವಿಸಿರುವ ಪರಿಸ್ಥಿತಿ' ಹುಡುಕಿದರೂ ಇರಲಿಲ್ಲ. 'ಚಳಿ ಆಗ್ತಿದೆ, ಹತ್ರ ಬಾ' ಇತ್ತು. 'ನಿಮ್ಮಪ್ಪ ಮಲಗಿದ್ರಾ?' ಇತ್ತು. ಇಬ್ಬರೂ ಒದ್ದೆ ಕಾಲುಚೀಲದಲ್ಲೇ ಮೆಟ್ಟಿಲ ಮೇಲೆ ಕೂತು, ಅಂಟಿಕೊಂಡ ಹಾಳೆಗಳನ್ನು ಬಿಡಿಸುತ್ತಾ ಓದಿದರು.

"ಆಗ ತಪ್ಪೋ ಒಪ್ಪೋ ಎಷ್ಟು ಮಾತಾಡ್ತಿದ್ದೆ! ಯಾಕೋ ನಿಲ್ಲಿಸ್ಬಿಟ್ಟೆ?"

ಅವನಿಗೆ ಅವಳ ತವರಿನ ಮೊದಲ ಕ್ರಿಸ್‌ಮಸ್ ಊಟ ನೆನಪಾಯಿತು. ಬಾಯಿಪಾಠ ಮಾಡಿಕೊಂಡ ನಾಲ್ಕು ಮಾತು ಹೇಳಲು ಎದ್ದು ನಿಂತು ಎರಡನೆಯದಕ್ಕೇ ತೊದಲಿದ್ದ. ಹುಡುಗ ಒದ್ದಾಡುತ್ತಿದ್ದಾನಲ್ಲ ಎಂದು ಮರುಗಿ ಮಾವ ಇಂಗ್ಲಿಷಿಗೆ ತಿರುಗಿದರು. ಅಂದಿನಿಂದ ಅವನು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಇಡೀ ಮನೆ ತನಗೆ ಬಂದಷ್ಟು ಇಂಗ್ಲಿಷಿಗೆ ತಿರುಗುತ್ತಿತ್ತು. ಅವನೂ ಹಾಯಾಗಿ ಇದ್ದುಬಿಟ್ಟ. ಮಾವ ಫ್ರೆಂಚಿನಲ್ಲಿ ಬಾಯಿಬಿಟ್ಟರೆ ಮನೆಮಂದಿಯೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಅಳಿಯನ ಪಾಲಿಗೆ ಮಾತ್ರ ಹವಾಮಾನ ಮತ್ತು ಹಾಕಿ ಆಟದ ಮಾತು. ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ಆ ನಗುವಿನಲ್ಲಿ ತನ್ನದು ಒಂದೂ ಇಲ್ಲವಲ್ಲ ಎಂದು ಲಾಕ್ಲನ್‌ಗೆ ಈಗ ಹೊಳೆಯಿತು.

"ಅಪ್ಪ ಹೇಳ್ತಿದ್ದ ಒಂದು ಕಥೆ ಹೇಳ್ಲಾ?" ಅಂದಳು ಗಿಲೇನ್, ಫ್ರೆಂಚಿನಲ್ಲಿ.

ಕಾಫಿ ಆರಿ ತಣ್ಣಗಾಯಿತು. ಕಥೆ ಒಂದಲ್ಲ, ಏಳಾಯಿತು. ಅವನು ಅಳುತ್ತಾ ನಕ್ಕ. ಮರುದಿನದಿಂದ ಮೇಷ್ಟರ ಪಾಠಕ್ಕೆ ದೊಡ್ಡ ನಮಸ್ಕಾರ ಹಾಕಿ ಹೆಂಡತಿಯ ಹಿಂದೆ ಬಿದ್ದ.

ಡಿಸೆಂಬರಿನಲ್ಲಿ ಪರೀಕ್ಷಕಿ, "ನೀವು ನಿಭಾಯಿಸಿದ ಒಂದು ಬಿಕ್ಕಟ್ಟನ್ನು ಹೇಳಿ," ಎಂದಾಗ ಲಾಕ್ಲನ್ ಕಚೇರಿಯ ಸುದ್ದಿಯೇ ಎತ್ತದೆ, ವಾಷಿಂಗ್ ಮಷೀನಿನ ಕಥೆಯನ್ನು ಗಾಬರಿಸಮೇತ ಹೇಳಿದ. ಆಕೆ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರಂತೆ. 'ಸಿ' ಬಂತು! ಕುರ್ಚಿ ಕಾಯಂ ಆಯಿತು!

ವಿಜಯೋತ್ಸವಕ್ಕೆ ಅತ್ತೆಯ ಮನೆಗಿಂತ ತಕ್ಕ ಜಾಗ ಬೇರೆ ಯಾವುದು? ಕ್ರಿಸ್‌ಮಸ್ ಊಟದ ಹೊತ್ತಿಗೆ ಸರಿಯಾಗಿ ಹೋಗಿ, ಎಂದಿನಂತೆ ತಾನೇ ಮಾಡಿದ ಎರಡು ಹಣ್ಣಿನ ಕೇಕುಗಳನ್ನು ಮೇಜಿನ ಮೇಲಿಟ್ಟು, ಎಲ್ಲರೆದುರು ನಿಂತು ಫ್ರೆಂಚಿನಲ್ಲಿ ಮಾತಾಡಿದ. ಮಾವನನ್ನು ನೆನೆದ. ಇಷ್ಟು ವರ್ಷ ನಿಮ್ಮ ಬಾಯಿ ಕಟ್ಟಿಹಾಕಿದೆ, ತಪ್ಪಾಯಿತು ಎಂದ. ಎಂಬತ್ತಾರರ ಅತ್ತೆ ಒರೋರ್ ಕಣ್ಣೊರೆಸಿಕೊಂಡು ಅವನನ್ನು ಹತ್ತಿರ ಕರೆದು ಕೈ ಹಿಡಿದರು.

"ಮಗಾ, ನಿನಗೊಂದು ಮಾತು ಹೇಳ್ಬೇಕು ಅಂತ ಇಪ್ಪತ್ತೇಳು ವರ್ಷದಿಂದ ಕಾಯ್ತಿದ್ದೆ. ನನ್ನ ಇಂಗ್ಲಿಷ್ ಸಾಲ್ತಿರ್ಲಿಲ್ಲ."

ಲಾಕ್ಲನ್ ಅವರ ಮುಂದೆ ಮಂಡಿಯೂರಿದ. ಕಣ್ಣು ತುಂಬಿ ಬಂತು. "ಹೇಳಿ ಅತ್ತೆ. ಈಗ ನನಗೆಲ್ಲಾ ಅರ್ಥ ಆಗುತ್ತೆ."

"ಈ ಹಣ್ಣಿನ ಕೇಕು ಇದೆಯಲ್ಲ, ದೇವರಾಣೆ ಇನ್ಮೇಲೆ ತರ್ಬೇಡಪ್ಪ. ಈ ಮನೇಲಿ ಅದು ಯಾರ ಗಂಟಲಲ್ಲೂ ಇಳಿಯಲ್ಲ!"

"ಅತ್ತೆ! ಪ್ರತಿ ವರ್ಷ ಒಂದು ಚೂರು ಬಾಯಿಗೆ ಹಾಕ್ಕೊಂಡು 'ವೆರಿ ಗುಡ್, ವೆರಿ ಗುಡ್' ಅಂತಿದ್ರಲ್ಲ? ಅದಕ್ಕೇ ಅಲ್ವಾ ನಾನು ಒಂದಿದ್ದದ್ದನ್ನ ಎರಡು ಮಾಡಿದ್ದು?"

"ಏನ್ ಮಾಡ್ಲಿ ಮಗಾ," ಎಂದರು ಅತ್ತೆ, "ಇಂಗ್ಲಿಷಲ್ಲಿ ನನಗೆ ಬರ್ತಿದ್ದದ್ದು ಅದೊಂದೇ!"